ಬೋನಸ್ ಹತ್ತು ಸಾವಿರ, ಕೈಗೆ ಬರುವುದು ಎಷ್ಟು?

ದಾವಣಗೆರೆಯ ಎಪಿಎಂಸಿ ಯಾರ್ಡ್‌ನಲ್ಲಿ ಮೆಕ್ಕೆಜೋಳದ ಮಂಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಇಸ್ಪೀಟ್ ನನಗೆ ಅಷ್ಟಕ್ಕಷ್ಟೆ. ಕಮಿಷನ್ ಲೆಕ್ಕ ಮಾತ್ರ ಇಪ್ಪತ್ತು ವರ್ಷದಿಂದ ಕೈಗೆ ಹತ್ತಿದೆ. 2024ರ ಒಂದು ಭಾನುವಾರ ಸಂಜೆ ಅಕ್ಕನ ಮಗ ಮನೆಗೆ ಬಂದ. ಇಲ್ಲೇ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಮಂಡಕ್ಕಿ ಮಿರ್ಚಿ ತಟ್ಟೆ ಪಕ್ಕಕ್ಕೆ ಸರಿಸಿ, ಮೊಬೈಲ್ ನನ್ನ ಮುಂದೆ ಹಿಡಿದ.

"ಮಾಮ, ಈ ಪೋಕರ್ ಆಪ್‌ನಲ್ಲಿ ಹತ್ತು ಸಾವಿರ ಹಾಕಿದ್ರೆ ಇನ್ನೂ ಹತ್ತು ಸಾವಿರ ಅವರೇ ಕೊಡ್ತಾರೆ. ಅದರ ಮೇಲೆ 30 ಪರ್ಸೆಂಟ್ ರೇಕ್‌ಬ್ಯಾಕ್ ಬೇರೆ. ಸೋತ್ರೂ ಲಾಸ್ ಇಲ್ಲ."

ಆ ಕೊನೆಯ ಮಾತು ಕೇಳಿ ನನಗೆ ಗಾಬರಿಯಾಯಿತು. ಬೈದರೆ ಎದ್ದು ಹೋಗುತ್ತಿದ್ದ. ಬೈಯಲಿಲ್ಲ. "ನಿಯಮ ಬರೆದಿರೋ ಪುಟ ತೆಗಿ" ಅಂದೆ. ಹಳೇ ಡೈರಿಯ ಖಾಲಿ ಹಾಳೆ ಹರಿದುಕೊಂಡು ಇಬ್ಬರೂ ಲೆಕ್ಕಕ್ಕೆ ಕೂತೆವು. ಆಮೇಲೆ ಕಾನೂನು ಬದಲಾಯಿತು, ಆ ಆಪ್ ದುಡ್ಡಿನ ಆಟ ನಿಲ್ಲಿಸಿತು. ಆದರೆ ಇಂಥ ಬೋನಸ್ ಮೆಸೇಜ್‌ಗಳು ಬೇರೆ ಬೇರೆ ಹೆಸರಲ್ಲಿ ಇವತ್ತಿಗೂ ನಮ್ಮ ಹುಡುಗರ ಫೋನಿಗೆ ಬರುತ್ತಲೇ ಇವೆ. ಅದಕ್ಕೇ ಆ ಹಾಳೆಯ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ಮೊದಲು ರೇಕ್ ಅಂದರೆ ಏನು ನೋಡೋಣ. ಪೋಕರ್‌ನಲ್ಲಿ ಆಟಗಾರರು ಆಡುವುದು ತಮ್ಮ ತಮ್ಮಲ್ಲೇ. ಆಪ್‌ನವರು ಎಲೆ ಹಂಚಿ, ಮೇಜು ನಡೆಸಿಕೊಡುತ್ತಾರೆ ಅಷ್ಟೆ. ಎಲ್ಲರೂ ಕಟ್ಟಿದ ದುಡ್ಡು ನಡುವೆ ಸೇರುತ್ತದೆ, ಅದಕ್ಕೆ ಪಾಟ್ ಅನ್ನುತ್ತಾರೆ. ಆ ಪಾಟ್ ಗೆದ್ದವನಿಗೆ ಸಿಗುವ ಮೊದಲೇ ಆಪ್ ತನ್ನ ಪಾಲು ಎತ್ತಿಕೊಳ್ಳುತ್ತದೆ. ಅದೇ ರೇಕ್. ಸಣ್ಣ ಮೇಜುಗಳಲ್ಲಿ ಸಾಮಾನ್ಯವಾಗಿ ಪಾಟ್‌ನ 5% ಆಸುಪಾಸು ಇರುತ್ತದೆ, ಅದಕ್ಕೊಂದು ಮೇಲ್ಮಿತಿಯೂ ಇರುತ್ತದೆ. 240 ರೂಪಾಯಿ ಪಾಟ್ ಆದರೆ 12 ಆಪ್‌ಗೆ, 228 ಗೆದ್ದವನಿಗೆ. ಮೇಜಿನ ಮೇಲೆ ಮೊದಲ ಮೂರು ಎಲೆ ಬೀಳುವ ಮುಂಚೆಯೇ ಆಟ ಮುಗಿದರೆ ಬಹಳ ಕಡೆ ರೇಕ್ ಹಿಡಿಯುವುದಿಲ್ಲ.

ನಮ್ಮ ಮಂಡಿಯಲ್ಲೂ ಹೀಗೇ. ರೇಟು ಏರಲಿ ಇಳಿಯಲಿ, ಮಾಲು ಕೈ ಬದಲಾದರೆ ಕಮಿಷನ್ ಬಂತು. ಆರು ಜನ ತಲಾ 1,000 ರೂಪಾಯಿ ಇಟ್ಟುಕೊಂಡು ರಾತ್ರಿಯಿಡೀ ಆಡಿದರು ಅನ್ನಿ. ಬೆಳಗ್ಗೆ ಮೇಜಿನ ಮೇಲೆ 6,000 ಉಳಿದಿರುವುದಿಲ್ಲ. ಯಾರು ಗೆದ್ದರು, ಯಾರು ಸೋತರು ಅನ್ನುವುದು ಆಮೇಲಿನ ಮಾತು.

ಈಗ ಬೋನಸ್‌ಗೆ ಬರೋಣ. "100% ಬೋನಸ್, 10,000 ರೂಪಾಯಿವರೆಗೆ" ಅಂತ ದೊಡ್ಡ ಅಕ್ಷರದಲ್ಲಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ಸಾಲು. ಬೋನಸ್ ಒಂದೇ ಸಲ ಬರುವುದಿಲ್ಲ, ಪ್ರತಿ 500 ರೂಪಾಯಿ ರೇಕ್‌ಗೆ 100 ರೂಪಾಯಿಯಂತೆ ಬಿಡುಗಡೆ ಆಗುತ್ತದೆ. 60 ದಿನದಲ್ಲಿ ಬಿಡುಗಡೆ ಆಗದೆ ಉಳಿದದ್ದು ರದ್ದು. ನಡುವೆ ಹಣ ವಾಪಸ್ ತೆಗೆದರೆ ಬಾಕಿ ಬೋನಸ್ ಹೋಯಿತು.

ಮೊದಲ ಸಾಲಿನಲ್ಲೇ ವಿಷಯ ಇದೆ. 500 ಕಟ್ಟಿದರೆ 100 ವಾಪಸ್. ಅಂದರೆ ಇದು ರೇಕ್ ಮೇಲಿನ 20% ರಿಯಾಯಿತಿ. ಪೂರ್ತಿ 10,000 ಬೇಕಾದರೆ 50,000 ರೂಪಾಯಿ ರೇಕ್ ಕಟ್ಟಬೇಕು. "ಐವತ್ತು ಸಾವಿರನಾ?" ಅಂತ ಹುಡುಗ ಫೋನನ್ನು ಮತ್ತೊಮ್ಮೆ ನೋಡಿದ. ಆಪ್ ಸುಳ್ಳು ಹೇಳಿರಲಿಲ್ಲ, ಅಲ್ಲಿ ಎಲ್ಲವನ್ನೂ ಬರೆದಿತ್ತು. ಗುಣಿಸಿ ನೋಡಿದವರು ಇರಲಿಲ್ಲ.

50,000 ರೇಕ್ ಕಟ್ಟಲು ಎಷ್ಟು ಹೊತ್ತು ಬೇಕು? ಇದನ್ನು ಸುಮ್ನೆ ಊಹಿಸಬಾರದು. ಅವನು ಆಡುತ್ತಿದ್ದದ್ದು 5/10 ಮೇಜು, ಆರು ಜನ. ಪ್ರತಿ ಆಟದಲ್ಲೂ ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಣ ಕಟ್ಟಬೇಕು, ಅದಕ್ಕೆ ಬ್ಲೈಂಡ್ ಅನ್ನುತ್ತಾರೆ. ಇಲ್ಲಿ ಸಣ್ಣ ಬ್ಲೈಂಡ್ 5, ದೊಡ್ಡ ಬ್ಲೈಂಡ್ 10 ರೂಪಾಯಿ. ಅವನ ಫೋನಿನಲ್ಲಿದ್ದ ಹಿಂದಿನ ಆಟಗಳನ್ನು ಒಂದೊಂದಾಗಿ ತೆಗೆದು ನೋಡಿದೆವು. ಹತ್ತು ಆಟದಲ್ಲಿ ಸುಮಾರು ಆರರಲ್ಲಿ ರೇಕ್ ಹಿಡಿದಿತ್ತು. ಅಂಥ ಆಟಗಳ ಪಾಟ್ ಸರಾಸರಿ 120 ರೂಪಾಯಿ, ರೇಕ್ 6 ರೂಪಾಯಿ. ಎಲ್ಲ ಆಟಕ್ಕೂ ಹರಡಿದರೆ ಒಂದು ಆಟಕ್ಕೆ 3 ರೂಪಾಯಿ 60 ಪೈಸೆ. ಆರು ಜನಕ್ಕೆ ಹಂಚಿದರೆ ಒಬ್ಬನ ಪಾಲಿಗೆ 60 ಪೈಸೆ.

ಅರವತ್ತು ಪೈಸೆ ಅಂದರೆ ಏನೂ ಅಲ್ಲ ಅನ್ನಿಸುತ್ತೆ, ಅಲ್ವಾ? ಅವನಿಗೂ ಹಾಗೇ ಅನ್ನಿಸಿತ್ತು. ಆದರೆ ಒಂದು ಮೇಜಿನಲ್ಲಿ ಗಂಟೆಗೆ ಸುಮಾರು 75 ಆಟ ಆಗುತ್ತವೆ. 50,000ವನ್ನು 60 ಪೈಸೆಯಿಂದ ಭಾಗಿಸಿದರೆ 83,333 ಆಟ. ಅಂದರೆ 1,111 ಗಂಟೆ. 60 ದಿನಕ್ಕೆ ಹಂಚಿದರೆ ದಿನಕ್ಕೆ ಹದಿನೆಂಟೂವರೆ ಗಂಟೆ. ನಾಲ್ಕು ಮೇಜು ಒಟ್ಟಿಗೆ ತೆರೆದು ಕೂತರೂ ದಿನಾ ನಾಲ್ಕೂವರೆ ಗಂಟೆ ಮೀರುತ್ತದೆ. ಎರಡೆಕರೆ ಜಮೀನಿನ ರೈತನಿಗೆ, "ಎರಡು ತಿಂಗಳಲ್ಲಿ ಸಾವಿರ ಕ್ವಿಂಟಲ್ ತಂದು ಹಾಕು, ಕಮಿಷನ್‌ನಲ್ಲಿ ಬಿಡ್ತೀವಿ" ಅಂದ ಹಾಗಾಯಿತು.

"ಸರಿ, ನೀನು ದಿನಾ ಎಷ್ಟು ಹೊತ್ತು ಆಡ್ತೀಯ?" ಅಂದೆ. "ಎರಡು ಗಂಟೆ." ಕಾಲೇಜಿನ ಹುಡುಗನಿಗೆ ಅದೇ ಜಾಸ್ತಿ. ಆದರೂ ಅದನ್ನೇ ಹಿಡಿದೆ. 60 ದಿನಕ್ಕೆ 120 ಗಂಟೆ, 9,000 ಆಟ, ರೇಕ್ 5,400 ರೂಪಾಯಿ. 500ರ ಕಂತು ಹತ್ತು ಆಗುತ್ತವೆ. ಬಾಕಿ 400 ಮುಂದಿನ ಕಂತು ತುಂಬುವುದಿಲ್ಲ, ಅದಕ್ಕೆ ಏನೂ ಸಿಗುವುದಿಲ್ಲ. ಕೈಗೆ ಬರುವ ಬೋನಸ್ 1,000 ರೂಪಾಯಿ. ಹತ್ತು ಸಾವಿರದ ಬೋನಸ್‌ನ ನಿಜವಾದ ಬೆಲೆ, ಆ ಹುಡುಗನ ಮಟ್ಟಿಗೆ, ಅಷ್ಟು. ಗಂಟೆಗೆ ಎಂಟು ರೂಪಾಯಿ ಚಿಲ್ಲರೆ.

ಈ ಬೆಲೆ ಎಲ್ಲರಿಗೂ ಒಂದೇ ಅಲ್ಲ. ದಿನಕ್ಕೆ ಆರು ಗಂಟೆ, ನಾಲ್ಕು ಮೇಜು, ದೊಡ್ಡ ಬ್ಲೈಂಡ್‌ನಲ್ಲಿ ಆಡುವವನಿಗೆ ಅದೇ ಬೋನಸ್ ಪೂರ್ತಿ ಬಿಡುಗಡೆ ಆಗಬಹುದು. ಹಾಗಾಗಿ "ಈ ಬೋನಸ್ ಒಳ್ಳೇದಾ?" ಅನ್ನುವ ಪ್ರಶ್ನೆಗೆ ಉತ್ತರ ಜಾಹೀರಾತಿನಲ್ಲಿ ಸಿಗುವುದಿಲ್ಲ. ಎಷ್ಟು ದಿನ, ಎಷ್ಟು ರೇಕ್‌ಗೆ ಎಷ್ಟು, ನಾನು ಆ ದಿನಗಳಲ್ಲಿ ಎಷ್ಟು ರೇಕ್ ಕಟ್ಟುತ್ತೇನೆ. ಈ ಮೂರು ಅಂಕಿ ಕೈಯಲ್ಲಿದ್ದರೆ ಲೆಕ್ಕ ತಾನೇ ಬರುತ್ತದೆ. ಕೆಲವರು ಬೋನಸ್ ಬದಲು ಟೂರ್ನಮೆಂಟ್ ಟಿಕೆಟ್ ಕೊಡುತ್ತಾರೆ. ದುಡ್ಡು ಕೊಟ್ಟು ನೀವು ಆ ಟಿಕೆಟ್ ಕೊಳ್ಳುತ್ತಿರಲಿಲ್ಲ ಅಂದರೆ ಅದರ ಮೇಲೆ ಬರೆದ ಬೆಲೆಯನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನು ರೇಕ್‌ಬ್ಯಾಕ್. ಕಟ್ಟಿದ ರೇಕ್‌ನಲ್ಲಿ ಇಷ್ಟು ಪಾಲು ವಾಪಸ್ ಅನ್ನುವುದು. ಇದು ಬೋನಸ್‌ಗಿಂತ ನೇರ, ನನಗೂ ಇದೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. 5,400ಕ್ಕೆ 30% ಅಂದರೆ 1,620. ಹುಡುಗ ತಕ್ಷಣ ಬೋನಸ್ 1,000 ಕೂಡಿಸಿ 2,620 ಅಂತ ಬರೆದ. ನಿಯಮದ ಪುಟದಲ್ಲಿ ಇನ್ನೊಂದು ಸಾಲಿತ್ತು: ಕೊಟ್ಟ ಬೋನಸ್ ಕಳೆದು ಉಳಿದ ರೇಕ್ ಮೇಲೆ ಮಾತ್ರ ರೇಕ್‌ಬ್ಯಾಕ್. ಇದು ತುಂಬಾ ಕಡೆ ಇರುವ ಷರತ್ತು. 5,400ರಲ್ಲಿ 1,000 ಹೋದರೆ 4,400. ಅದರ 30%, 1,320. ಒಟ್ಟು 2,320.

ಇನ್ನೊಂದು ಸೂಕ್ಷ್ಮ ಇದೆ. ಪಾಟ್‌ನಿಂದ ಎತ್ತಿದ ರೇಕ್‌ನಲ್ಲಿ ನಿಮ್ಮ ಪಾಲು ಎಷ್ಟು ಅಂತ ತೀರ್ಮಾನಿಸುವುದು ಹೇಗೆ? ಹಳೇ ಪದ್ಧತಿಯಲ್ಲಿ ಎಲೆ ಹಂಚಿಸಿಕೊಂಡ ಎಲ್ಲರಿಗೂ ಸಮನಾಗಿ ಹಂಚುತ್ತಿದ್ದರು. ಆ 240 ರೂಪಾಯಿ ಪಾಟ್ ನೋಡಿ. ರೇಕ್ 12, ಆರು ಜನ, ತಲಾ 2 ರೂಪಾಯಿ. ಎಲೆ ನೋಡಿ ಸುಮ್ಮನೆ ಪ್ಯಾಕ್ ಮಾಡಿದವನ ಹೆಸರಿಗೂ 2 ರೂಪಾಯಿ ಬರುತ್ತಿತ್ತು. ಇನ್ನೊಂದು ಪದ್ಧತಿಯಲ್ಲಿ ಪಾಟ್‌ಗೆ ಯಾರು ಎಷ್ಟು ಹಾಕಿದರೋ ಆ ಪ್ರಮಾಣದಲ್ಲಿ ಮಾತ್ರ. ಇಬ್ಬರು ತಲಾ 112 ರೂಪಾಯಿ 50 ಪೈಸೆ ಹಾಕಿದ್ದಾರೆ, ಬ್ಲೈಂಡ್ ಕಟ್ಟಿ ಬಿಟ್ಟವರು 10 ಮತ್ತು 5 ಹಾಕಿದ್ದಾರೆ ಅನ್ನೋಣ. ಆಗ ಆ ಇಬ್ಬರಿಗೆ ತಲಾ ಐದೂವರೆ ರೂಪಾಯಿಗಿಂತ ಸ್ವಲ್ಪ ಜಾಸ್ತಿ, ಬ್ಲೈಂಡ್‌ನವರಿಗೆ 50 ಪೈಸೆ ಮತ್ತು 25 ಪೈಸೆ. ಪ್ಯಾಕ್ ಮಾಡಿದ ಇಬ್ಬರಿಗೆ ಸೊನ್ನೆ.

ಹಾಗಾದರೆ ಎಚ್ಚರಿಕೆಯಿಂದ, ಒಳ್ಳೇ ಎಲೆಗೆ ಕಾಯುತ್ತಾ ಆಡುವವನಿಗೆ 30% ರೇಕ್‌ಬ್ಯಾಕ್‌ನಲ್ಲಿ ಬರುವ ರೂಪಾಯಿ ಕಡಿಮೆ. ಎಲ್ಲ ಪಾಟ್‌ಗೂ ನುಗ್ಗುವವನಿಗೆ ಜಾಸ್ತಿ. ನುಗ್ಗುವವನು ಸೋಲುವುದೂ ಜಾಸ್ತಿ. ನಮ್ಮ ಹುಡುಗ ಕಾಯುವ ಜಾತಿ. ಅವನ ನಿಜವಾದ ಅಂಕಿ 2,320ಕ್ಕಿಂತ ಕೆಳಗೇ ಇದ್ದಿರಬೇಕು. ಲೆಕ್ಕ ಸರಳ ಇರಲಿ ಅಂತ ಅದನ್ನೇ ಇಟ್ಟುಕೊಂಡೆವು.

"60% ವರೆಗೆ ರೇಕ್‌ಬ್ಯಾಕ್" ಅಂತ ಕಂಡರೆ "ವರೆಗೆ" ಅನ್ನುವ ಪದದ ಮೇಲೆ ಬೆರಳಿಟ್ಟು ನಿಲ್ಲಿ. ಅದು ಆದಾಯ ತೆರಿಗೆಯ ಸ್ಲ್ಯಾಬ್ ಇದ್ದ ಹಾಗೆ. ತಿಂಗಳ ಮೊದಲ 5,000 ರೇಕ್‌ಗೆ 10%, ಅಲ್ಲಿಂದ 20,000ವರೆಗೆ 20%, ಲಕ್ಷದವರೆಗೆ 35%, ಅದರ ಮೇಲೆ 60% ಅಂತ ಇದೆ ಅನ್ನಿ. ತಿಂಗಳಿಗೆ 25,000 ಕಟ್ಟುವ ದೊಡ್ಡ ಆಟಗಾರನಿಗೂ ಸಿಗುವುದು 500, 3,000, 1,750, ಒಟ್ಟು 5,250. ಅಂದರೆ 21%. ತಿಂಗಳಿಗೆ 2,700 ಕಟ್ಟುವ ನಮ್ಮ ಹುಡುಗನಿಗೆ 270 ರೂಪಾಯಿ. ಮುಂದಿನ ಮೆಟ್ಟಿಲು ಹತ್ತಿರ ಇದೆ ಅಂತ ಆಪ್ ಪರದೆಯ ಮೇಲೆ ಒಂದು ಬಣ್ಣದ ಪಟ್ಟಿ ತುಂಬಿಸಿ ತೋರಿಸುತ್ತಿರುತ್ತದೆ. ಮೆಟ್ಟಿಲು ಹತ್ತಲು ಕಟ್ಟುವ ರೇಕ್ ಎಷ್ಟು ಅನ್ನುವುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ಈಗ ಹಾಳೆಯ ಮುಖ್ಯ ಸಾಲಿಗೆ ಬಂದೆವು. ಕಟ್ಟುವ ರೇಕ್ 5,400. ವಾಪಸ್ 2,320, ಅಂದರೆ 43%. ಕೇಳಲು ಚೆನ್ನಾಗಿದೆ. ಬಾಕಿ 3,080 ರೂಪಾಯಿ ಜೇಬಿನಿಂದಲೇ ಹೋಗಬೇಕು. ಎದುರಿಗೆ ಕೂತವರು ಇವನಷ್ಟೇ ಜಾಣರಾಗಿದ್ದರೆ, ಎಲೆಯೂ ಸಮಸಮವಾಗಿ ಬಂದರೆ, ಎರಡು ತಿಂಗಳಿಗೆ ಇವನು 3,080 ಸೋತಿರುತ್ತಾನೆ. ಸಮ ಆಗಬೇಕಾದರೇ ಪ್ರತಿ 100 ಆಟಕ್ಕೆ 34 ರೂಪಾಯಿ, ಅಂದರೆ ಸುಮಾರು ಮೂರೂವರೆ ದೊಡ್ಡ ಬ್ಲೈಂಡ್‌ನಷ್ಟು ಉಳಿದವರಿಗಿಂತ ಚೆನ್ನಾಗಿ ಆಡಬೇಕು. ಅಷ್ಟು ಗೆಲ್ಲುವವರು ಇದ್ದಾರೆ, ಆದರೆ ಅವರು ಕಡಿಮೆ. ಬೋನಸ್ ಸೋಲುವವನನ್ನು ಗೆಲ್ಲಿಸುವುದಿಲ್ಲ, ಸೋಲನ್ನು ಸ್ವಲ್ಪ ತೆಳುವಾಗಿಸುತ್ತದೆ.

"ಆದ್ರೆ ನನ್ನ ಫ್ರೆಂಡ್ ಹೋದ ತಿಂಗಳು ಆರು ಸಾವಿರ ಗೆದ್ದ ಮಾಮ" ಅಂದ. ಗೆದ್ದಿರಬಹುದು. ಇಂಥ ಮೇಜಿನಲ್ಲಿ 100 ಆಟಕ್ಕೆ ಏರಿಳಿತ ಸುಮಾರು 90 ದೊಡ್ಡ ಬ್ಲೈಂಡ್ ಅಂತ ಆಟಗಾರರು ಲೆಕ್ಕ ಹಿಡಿಯುತ್ತಾರೆ. ಏರಿಳಿತ ಆಟದ ಸಂಖ್ಯೆಯಷ್ಟೇ ಬೆಳೆಯುವುದಿಲ್ಲ, ಅದರ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ. ಹಾಗಾಗಿ 9,000 ಆಟಕ್ಕೆ ಅದು ಸುಮಾರು 8,500 ರೂಪಾಯಿ ಆಗುತ್ತದೆ. ಅಂದರೆ ಒಂದೇ ರೀತಿ ಆಡುವ ಇಬ್ಬರಲ್ಲಿ ಒಬ್ಬ ಎಂಟು ಸಾವಿರ ಮೇಲಿರುವುದು, ಇನ್ನೊಬ್ಬ ಎಂಟು ಸಾವಿರ ಕೆಳಗಿರುವುದು ಮಾಮೂಲಿ. ಅಷ್ಟು ದೊಡ್ಡ ಏರಿಳಿತದಲ್ಲಿ 1,000 ರೂಪಾಯಿ ಬೋನಸ್ ಕಾಣುವುದೇ ಇಲ್ಲ. ಮೇಲೆ ಹೋದವನು "ಬೋನಸ್ ಕೆಲಸ ಮಾಡ್ತು" ಅಂತ ಹಾಸ್ಟೆಲ್‌ನಲ್ಲೆಲ್ಲ ಹೇಳುತ್ತಾನೆ. ಕೆಳಗೆ ಹೋದವನು ಬಾಯಿ ಬಿಡುವುದಿಲ್ಲ.

ಆಗ ತೆರಿಗೆಯೂ ಇತ್ತು. 2023ರ ಅಕ್ಟೋಬರ್ 1ರಿಂದ ಆಟಕ್ಕೆ ಹಾಕುವ ಪೂರ್ತಿ ಹಣದ ಮೇಲೆ 28% ಜಿಎಸ್‌ಟಿ. 10,000 ಹಾಕಿದರೆ ಅದರೊಳಗೆ 2,187 ರೂಪಾಯಿ 50 ಪೈಸೆ ತೆರಿಗೆ, ಆಟಕ್ಕೆ ಉಳಿಯುವುದು 7,812 ರೂಪಾಯಿ 50 ಪೈಸೆ. ಹಲವು ಆಪ್‌ಗಳು ಆ 2,187ನ್ನು ಬೋನಸ್ ರೂಪದಲ್ಲಿ ತುಂಬಿಕೊಡುತ್ತಿದ್ದವು. ಇವನ ಆಪ್‌ನಲ್ಲಿ ಅದು ಆಡಲು ಮಾತ್ರ, ತೆಗೆಯಲು ಬರುತ್ತಿರಲಿಲ್ಲ. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ 30% ಟಿಡಿಎಸ್ ಕೂಡ ಬಂದಿತ್ತು. ಗೆಲುವು ಲೆಕ್ಕ ಹಾಕುವಾಗ ನೀವು ಹಾಕಿದ ಸ್ವಂತ ಹಣ ಕಳೆಯುತ್ತಾರೆ, ಆಪ್ ಕೊಟ್ಟ ಬೋನಸ್ ಕಳೆಯುವುದಿಲ್ಲ. ಒಟ್ಟಾರೆ ಲಾಭದಲ್ಲಿರುವವನು ತೆಗೆದುಕೊಂಡ 1,000 ಬೋನಸ್‌ನಲ್ಲಿ 300 ತೆರಿಗೆಗೆ ಹೋಗಿ ಉಳಿಯುವುದು 700.

ಇಷ್ಟೆಲ್ಲ ಬರೆದ ಮೇಲೂ ಹಾಳೆಗೆ ಸಿಗದ ಒಂದು ನಷ್ಟ ಇತ್ತು. ಅದನ್ನು ನಾನು ಕಣ್ಣಾರೆ ಕಂಡೆ. ಲೆಕ್ಕ ನೋಡಿ ತಲೆ ಆಡಿಸಿದರೂ ಹುಡುಗ 3,000 ಹಾಕಿ ಆಡಿಯೇ ಬಿಟ್ಟಿದ್ದ. ಒಂದು ರಾತ್ರಿ ನಿಟ್ಟುವಳ್ಳಿಯ ನಮ್ಮ ಮನೆಯಲ್ಲೇ ಉಳಿದಿದ್ದ. ಹನ್ನೊಂದೂವರೆಗೆ ಟೆರೇಸಿಗೆ ಹೋದರೆ ಕತ್ತಲಲ್ಲಿ ಫೋನಿನ ಬೆಳಕು. "ಇನ್ನು 80 ರೂಪಾಯಿ ರೇಕ್ ಆದ್ರೆ ಒಂದು ನೂರು ಬಿಡುಗಡೆ ಆಗುತ್ತೆ ಮಾಮ, ಇವತ್ತೇ ಕೊನೇ ದಿನ" ಅಂದ. ಪಕ್ಕದಲ್ಲೇ ಕೂತೆ. ಬೇಗ ರೇಕ್ ತುಂಬಲಿ ಅಂತ ಕಾಯುವ ಹುಡುಗ ಕಾಯುವುದನ್ನು ಬಿಟ್ಟಿದ್ದ. ಎಂಥ ಎಲೆ ಬಂದರೂ ಪಾಟ್‌ಗೆ ಇಳಿಯುತ್ತಿದ್ದ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಪರದೆಯ ಮೇಲೆ 100 ರೂಪಾಯಿ ಬಂತು. ಅಷ್ಟರಲ್ಲಿ 1,400 ಹೋಗಿತ್ತು. ಅವನು ಏನೂ ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಬೋನಸ್‌ನ ಗಡುವು ಮಾಡುವ ಕೆಲಸ ಇದು. ನೀವು ಆಡದೆ ಇರುತ್ತಿದ್ದ ಹೊತ್ತಿನಲ್ಲಿ, ಆಡಬಾರದ ರೀತಿಯಲ್ಲಿ ಆಡಿಸುತ್ತದೆ. ಬೋನಸ್ ಇಲ್ಲದಿದ್ದರೂ ಇಷ್ಟೇ ಹಣ ಹಾಕಿ, ಇಷ್ಟೇ ಹೊತ್ತು ಆಡುತ್ತಿದ್ದಿರಾ ಅಂತ ಕೇಳಿಕೊಳ್ಳಿ. ಹೌದು ಅನ್ನುವ ಉತ್ತರ ಬಂದರೆ ಮಾತ್ರ ಮೇಲಿನ 1,000ವನ್ನು 1,000 ಅಂತ ಹಿಡಿಯಬಹುದು.

ಕೊನೆಯದಾಗಿ, ಬರೆದುಕೊಟ್ಟದ್ದು ನಿಜವಾಗಿ ಸಿಗುತ್ತದಾ ಅನ್ನುವ ಪ್ರಶ್ನೆ. ಪೋಕರ್‌ಸ್ಟಾರ್ಸ್ ಅನ್ನುವ ದೊಡ್ಡ ಕಂಪನಿ ವರ್ಷಕ್ಕೆ ಹತ್ತು ಲಕ್ಷ ಪಾಯಿಂಟ್ ಗಳಿಸಿದವರಿಗೆ ದೊಡ್ಡ ಸವಲತ್ತು ಕೊಡುತ್ತಿತ್ತು. 2015ರಲ್ಲಿ ವರ್ಷವಿಡೀ ಆಡಿ ಪಾಯಿಂಟ್ ಸೇರಿಸಿದವರಿಗೆ, ವರ್ಷದ ಕೊನೆಯಲ್ಲಿ, 2016ರಿಂದ ಆ ಸವಲತ್ತು ಕಡಿತ ಅಂತ ಹೇಳಿತು. ಆಟಗಾರರು ಡಿಸೆಂಬರ್ ಮೊದಲ ಮೂರು ದಿನ ಆಟ ಬಿಟ್ಟು ಪ್ರತಿಭಟಿಸಿದರು. ಫುಲ್ ಟಿಲ್ಟ್ ಪೋಕರ್ ಕಥೆ ಇನ್ನೂ ಕೆಟ್ಟದು. ಅದರ 27% ರೇಕ್‌ಬ್ಯಾಕ್ ಹೆಸರುವಾಸಿ. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಕೇಸು ಹಾಕಿತು. ಆಟಗಾರರಿಗೆ ಕೊಡಬೇಕಾದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿ ಇದ್ದದ್ದು ಸುಮಾರು 6 ಕೋಟಿ ಅಂತ ಸರ್ಕಾರ ಕೋರ್ಟಿಗೆ ಹೇಳಿತು. ಅಮೆರಿಕದ ಆಟಗಾರರಿಗೆ ಹಣ ವಾಪಸ್ ಬರಲು ಶುರುವಾದದ್ದು 2014ರ ಫೆಬ್ರುವರಿಯಲ್ಲಿ. 27% ವಾಪಸ್ ಬರುತ್ತದೆ ಅಂತ ನಂಬಿದ್ದವರ ಅಸಲೇ ಮೂರು ವರ್ಷ ಸಿಕ್ಕಿಬಿದ್ದಿತ್ತು.

ನಮ್ಮಲ್ಲಿ ಕರ್ನಾಟಕ ಸರ್ಕಾರ 2021ರಲ್ಲಿ ಆನ್‌ಲೈನ್ ದುಡ್ಡಿನ ಆಟ ನಿಷೇಧಿಸಿತ್ತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. ಆಮೇಲೆ ಕೇಂದ್ರದ ಕಾಯ್ದೆ ಬಂತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲದ ಆಟವಾಗಲಿ ಅದೃಷ್ಟದ್ದಾಗಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದರೂ ಶಿಕ್ಷೆ. ಹಣ ಸಾಗಿಸಿಕೊಡುವ ಬ್ಯಾಂಕು, ಪೇಮೆಂಟ್ ಆಪ್‌ಗಳಿಗೂ ನಿಷೇಧ. ಆಡುವವನಿಗೆ ಮಾತ್ರ ಶಿಕ್ಷೆ ಇಟ್ಟಿಲ್ಲ. ಕಂಪನಿಗಳು ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋದವು, ಆದರೆ ದೇಶದ ಹೆಸರಾಂತ ಆಪ್‌ಗಳು ಆ ವಾರವೇ ದುಡ್ಡಿನ ಆಟ ನಿಲ್ಲಿಸಿದವು.

ಹಾಗಾಗಿ ಈಗ ಟೆಲಿಗ್ರಾಂನಲ್ಲಿ "200% ಬೋನಸ್, 60% ರೇಕ್‌ಬ್ಯಾಕ್" ಅಂತ ಬರುವುದು ಹೊರದೇಶದಲ್ಲಿ ಕೂತವರಿಂದ, ಇಲ್ಲವೇ ಬರೀ ಮೋಸಗಾರರಿಂದ. ಯಾರದೋ ಹೆಸರಿನ ಯುಪಿಐ ಖಾತೆಗೆ ಹಣ ಹಾಕಿಸಿಕೊಳ್ಳುತ್ತಾರೆ. ವಾಪಸ್ ಕೇಳಿದರೆ "ಮೊದಲು ತೆರಿಗೆ ಕಟ್ಟಿ" ಅನ್ನುತ್ತಾರೆ. ನಮ್ಮ ಹಾಳೆಯ ಲೆಕ್ಕವನ್ನು ಇಲ್ಲಿ ಹಾಕುವುದಕ್ಕೇ ಬರುವುದಿಲ್ಲ, ಯಾಕಂದರೆ ಅದರ ಪ್ರತಿ ಸಾಲೂ ಆಪ್ ಕೊಟ್ಟ ಮಾತಿಗೆ ನಿಲ್ಲುತ್ತದೆ ಅಂತ ಹಿಡಿದು ಬರೆದದ್ದು. ಇಲ್ಲಿ ಹಾಕಿದ ಅಸಲಿಗೇ ಖಾತ್ರಿ ಇಲ್ಲ.

ಹೋದ ತಿಂಗಳು ಹುಡುಗ ನನಗೆ ಅಂಥದ್ದೇ ಒಂದು ಮೆಸೇಜ್ ಕಳಿಸಿದ. ಈಗ ಅವನಿಗೆ ಬೆಂಗಳೂರಿನಲ್ಲಿ ಕೆಲಸ. ಅವನ ರೂಮಿನವನೊಬ್ಬ 5,000 ಹಾಕಿ ಕೂತಿದ್ದನಂತೆ. "ಏನ್ ಮಾಡ್ಲಿ ಮಾಮ?" ಅಂತ ಕೇಳಿದ. ಮತ್ತೆ ಒಂದು ರೂಪಾಯಿ ಹಾಕಬೇಡ ಅನ್ನು, ಮೆಸೇಜ್, ಯುಪಿಐ ನಂಬರ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡು, ಈಗಲೇ 1930ಕ್ಕೆ ಫೋನ್ ಮಾಡಿಸು, ಆಮೇಲೆ ಬ್ಯಾಂಕಿಗೆ ಹೇಳಲಿ ಅಂದೆ. ಸೈಬರ್ ವಂಚನೆಯ ದೂರಿಗೆ ಇರುವ ನಂಬರ್ ಅದು. ಎಷ್ಟು ಬೇಗ ಹೇಳಿದರೆ ಹಣ ಮುಂದಿನ ಖಾತೆಗೆ ಹೋಗುವುದರೊಳಗೆ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ. ಹತ್ತು ನಿಮಿಷದಲ್ಲಿ ಅವನ ಉತ್ತರ ಬಂತು: "ಮಾಡಿಸಿದೆ ಮಾಮ, ಕಂಪ್ಲೇಂಟ್ ನಂಬರ್ ಕೊಟ್ಟಿದ್ದಾರೆ."